ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ಸಣ್ಣ ಕ್ಲಬ್ಬುಗಳ ಬೆನ್ನಿಗೆ ನಿಂತವರು

ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದಿರುವ ನಾಲ್ಕು ಪತ್ರಗಳು ಈ ಸಲ ಒಂದೇ ವಿಷಯವನ್ನು ಕುರಿತಾಗಿವೆ. ಆದ್ದರಿಂದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಓದು ಮುಗಿಸಿ ಅಲ್ಲಿಯೇ ಕೆಲಸಕ್ಕೆ ಸೇರಿದ್ದಾನೆ. ಶನಿವಾರ ಬಂತೆಂದರೆ ಆರ್ಬ್ರೋತ್ ಎಂಬ ಊರಿಗೆ ಫುಟ್‌ಬಾಲ್ ನೋಡಲು ಹೊರಡುತ್ತಾನೆ. ತನ್ನ ತಂಡ ಎಷ್ಟೋ ಸಲ ಸೋಲುತ್ತದೆ ಎಂದು ಅವನೇ ನಗುತ್ತಾ ಹೇಳುತ್ತಾನೆ. ಮೈದಾನದಿಂದ ಫೋನ್ ಮಾಡಿದರೆ ಗಾಳಿಯ ಸದ್ದಲ್ಲದೆ ಬೇರೇನೂ ಕೇಳಿಸುವುದಿಲ್ಲ. ಆ ಚಳಿಯಲ್ಲಿ ಹೋಗಿ ನಿಲ್ಲುವಂಥದ್ದು ಅಲ್ಲೇನಿದೆ? ಕುಡಿತ, ಹೊಡೆದಾಟ ಇರುವ ಜಾಗವೇ? ಹೊಟ್ಟೆಗೆ ಏನು ತಿನ್ನುತ್ತಾನೆ? (ಪೆರ್ಲದಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ಗಾಳಿಯ ವಿಷಯ. ಆರ್ಬ್ರೋತ್ ಕ್ಲಬ್ಬಿನ ಗೇಫೀಲ್ಡ್ ಮೈದಾನವು ಉತ್ತರ ಸಮುದ್ರಕ್ಕೆ ಎಷ್ಟು ತಾಗಿಕೊಂಡಿದೆಯೆಂದರೆ, ಸಮುದ್ರ ಉಬ್ಬರದಲ್ಲಿದ್ದು ಗಾಳಿಯೂ ಬಿರುಸಾಗಿರುವ ದಿನ ಅಲೆಯ ನೀರು ಗೋಡೆ ದಾಟಿ ಪ್ರೇಕ್ಷಕರ ಮೇಲೆ ಎರಚುತ್ತದೆ. ಗೋಲ್‌ಕೀಪರ್ ಮುಂದಕ್ಕೆ ಒದ್ದ ಚೆಂಡು ನಡುದಾರಿಯಲ್ಲಿ ಮನಸ್ಸು ಬದಲಿಸಿ ಹಿಂದಕ್ಕೆ ತಿರುಗುವುದೂ ಅಲ್ಲಿ ಹೊಸತಲ್ಲ. ಆದುದರಿಂದ ನಿಮ್ಮ ಮಗನ ಫೋನು ಕೆಟ್ಟಿಲ್ಲ. ಆರ್ಬ್ರೋತ್ ಮೀನುಗಾರರ ಊರು. ರಾತ್ರಿ ದೋಣಿಗಳಿಗೆ ಬಂದರಿನ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದಲೇ ತಂಡಕ್ಕೆ ಅಡ್ಡಹೆಸರು ಬಂದಿದೆ. ನಮ್ಮ ಕರಾವಳಿಯ ಒಣಮೀನಿನ ಹಾಗೆ ಅಲ್ಲಿಯ ಹೊಗೆಯಾಡಿಸಿದ ಹ್ಯಾಡಕ್ ಮೀನೂ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ಕ್ಲಬ್ಬಿನ ಹೆಸರು ಫುಟ್‌ಬಾಲಿನ ದಾಖಲೆಗಳಲ್ಲಿ ಅಳಿಯದೆ ಉಳಿದಿರುವುದು ಒಂದೇ ಒಂದು ಮಧ್ಯಾಹ್ನದ ಕಾರಣದಿಂದ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಅದು ಬಾನ್ ಅಕಾರ್ಡ್ ಎಂಬ ತಂಡವನ್ನು 36–0 ಗೋಲುಗಳಿಂದ ಸೋಲಿಸಿತು. ಜಾನ್ ಪೆಟ್ರಿ ಎಂಬಾತ ಒಬ್ಬನೇ 13 ಗೋಲು ಹೊಡೆದ. ತಮಾಷೆಯೆಂದರೆ ಅದೇ ದಿನ ನಿಮ್ಮ ಮಗ ಈಗಿರುವ ಡಂಡೀ ನಗರದ ಹಾರ್ಪ್ ಎಂಬ ತಂಡವು ಇನ್ನೊಂದು ಪಂದ್ಯವನ್ನು 35–0 ಅಂತರದಿಂದ ಗೆದ್ದು, ಒಂದೇ ಗೋಲಿನಿಂದ ಇತಿಹಾಸವನ್ನು ತಪ್ಪಿಸಿಕೊಂಡಿತು. ಅಂಥ ಗೆಲುವು ಆಮೇಲೆ ಆರ್ಬ್ರೋತಿಗೆ ಮತ್ತೆ ದಕ್ಕಿಲ್ಲ. ಈಚಿನ ವರ್ಷಗಳಲ್ಲಿ ಮೇಲಿನ ಹಂತದ ಬಾಗಿಲಿನ ತನಕ ಅದು ಬಂದದ್ದು 2021–22ರಲ್ಲಿ. ಹಗಲು ಬೇರೆ ಉದ್ಯೋಗ ಮಾಡುವ ಅರೆಕಾಲಿಕ ಆಟಗಾರರನ್ನೇ ಇಟ್ಟುಕೊಂಡು ಎರಡನೆಯ ಹಂತದಲ್ಲಿ ಎರಡನೆಯ ಸ್ಥಾನ ಪಡೆದ ಆ ತಂಡ, ಬಡ್ತಿ ನಿರ್ಧರಿಸುವ ಪ್ಲೇ-ಆಫ್ ಪಂದ್ಯದಲ್ಲಿ ಇನ್ವರ್ನೆಸ್ ಎದುರು ಪೆನಾಲ್ಟಿಗಳಲ್ಲಿ ಸೋತಿತು. 2024ರಲ್ಲಿ ಮೂರನೆಯ ಹಂತಕ್ಕೆ ಜಾರಿತು. 2025ರಲ್ಲಿ ಆ ಹಂತವನ್ನು ಗೆದ್ದು ಪುನಃ ಮೇಲೇರಿತು. ನಿಮ್ಮ ಮಗ ನಗುತ್ತಾ ಹೇಳುತ್ತಾನಲ್ಲ, ಅದು ಈ ಏರಿಳಿತವನ್ನು ಕಂಡವರ ನಗು.

ಅಲ್ಲೇನಿದೆ ಎಂದು ಕೇಳಿದ್ದೀರಿ. ನಮ್ಮಲ್ಲಿ ಒಂದೇ ಯಕ್ಷಗಾನ ಮೇಳದ ಹಿಂದೆ ಊರೂರು ತಿರುಗಿ, ಭಾಗವತರ ಸ್ವರ ಕೆಟ್ಟ ರಾತ್ರಿಯೂ ಚೌಕಿಯ ಹತ್ತಿರ ಹೋಗಿ ಮಾತನಾಡಿಸಿ ಬರುವವರನ್ನು ನೀವು ಕಂಡಿರಬಹುದು. ಅವರಿಗೂ ಇವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಗ್ಲಾಸ್ಗೋದ ದೊಡ್ಡ ಕ್ಲಬ್ಬುಗಳ ಐವತ್ತು ಅರವತ್ತು ಸಾವಿರ ಜನರ ನಡುವೆ ಒಬ್ಬ ಬಂದರೂ ಬಾರದಿದ್ದರೂ ಯಾರಿಗೂ ತಿಳಿಯುವುದಿಲ್ಲ. ಕೆಳಗಿನ ಹಂತಗಳಲ್ಲಿ ಎಷ್ಟೋ ಕಡೆ ಕೆಲವು ನೂರು ಜನ ಮಾತ್ರ ಸೇರುತ್ತಾರೆ. ಎರಡು ವಾರ ಕಾಣದಿದ್ದರೆ ಪಕ್ಕದಲ್ಲಿ ನಿಲ್ಲುವವನು ವಿಚಾರಿಸುತ್ತಾನೆ, ಕೊಟ್ಟ ಟಿಕೆಟಿನ ದುಡ್ಡು ನೇರವಾಗಿ ಆಟಗಾರನ ಸಂಬಳಕ್ಕೆ ಹೋಗುತ್ತದೆ, ಆ ಆಟಗಾರ ಸೋಮವಾರ ಪೈಪ್ ರಿಪೇರಿಗೋ ಶಾಲೆಯಲ್ಲಿ ಪಾಠ ಹೇಳುವುದಕ್ಕೋ ಹೋಗುತ್ತಾನೆ. ವಾರಕ್ಕೆ ಎರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ, ಇಷ್ಟೇ ಅವರ ವೃತ್ತಿಜೀವನ. ಸ್ವಂತ ಊರಿನಿಂದ ದೂರವಿರುವ ಹುಡುಗನಿಗೆ ಹೊಸ ಊರಿನಲ್ಲಿ ತನ್ನ ಗುರುತು ಹಿಡಿಯುವ ನಾಲ್ಕು ಜನ ಸಿಕ್ಕುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದೇ ನನ್ನ ಅಭಿಪ್ರಾಯ. ಗೇಫೀಲ್ಡಿನಲ್ಲಿ ಇನ್ನೊಂದು ಪದ್ಧತಿಯೂ ಇದೆ: ಅರ್ಧ ಆಟ ಮುಗಿದೊಡನೆ ನಿಂತ ಜನ ಮೈದಾನ ಸುತ್ತಿಕೊಂಡು ಇನ್ನೊಂದು ತುದಿಗೆ ನಡೆಯುತ್ತಾರೆ, ತಮ್ಮ ತಂಡ ಗೋಲು ಹೊಡೆಯಬೇಕಾದ ಕಂಬಗಳ ಹಿಂದೆಯೇ ಎರಡೂ ಅರ್ಧಗಳಲ್ಲಿ ನಿಲ್ಲಬೇಕೆಂದು.

ಕುಡಿತದ ಚಿಂತೆ ಬೇಡ. 1980ರ ಸ್ಕಾಟಿಷ್ ಕಪ್ ಫೈನಲ್ ಮುಗಿದ ಮೇಲೆ ಸೆಲ್ಟಿಕ್ ಮತ್ತು ರೇಂಜರ್ಸ್ ಬೆಂಬಲಿಗರು ಮೈದಾನಕ್ಕೇ ಇಳಿದು ಬಡಿದಾಡಿಕೊಂಡದ್ದರಿಂದ, ಅದೇ ವರ್ಷ ಬಂದ ಕಾನೂನು ಫುಟ್‌ಬಾಲ್ ಮೈದಾನಗಳಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಮದ್ಯವನ್ನು ನಿಲ್ಲಿಸಿತು. ತಿನ್ನುವುದಕ್ಕೆ ಅಲ್ಲಿ ಎಲ್ಲರೂ ಕೊಳ್ಳುವುದು ಮಾಂಸ ತುಂಬಿದ ಸಣ್ಣ ದುಂಡನೆಯ ಪೈ. ಕುಡಿಯಲು ಬೊವ್ರಿಲ್, ಅದು ದನದ ಮಾಂಸದ ಸಾರದ ಬಿಸಿ ಪೇಯ. ಮನೆಯ ಕ್ರಮಕ್ಕೆ ಅದು ಒಗ್ಗದಿದ್ದರೆ ಚಹಾ ಇದ್ದೇ ಇದೆ. ಚೀಸಿನಲ್ಲಿ ಬೇಯಿಸಿದ ಮ್ಯಾಕರೋನಿ ತುಂಬಿದ ಪೈಯೂ ಕೆಲವು ಮೈದಾನಗಳಲ್ಲಿ ಸಿಗುತ್ತದೆ. ಉಣ್ಣೆಯ ಕಾಲುಚೀಲ ಎರಡು ಜತೆ ಹಾಕಿಕೊಂಡು ಹೋಗಲು ಹೇಳಿ. ಕಾಂಕ್ರೀಟಿನ ಮೇಲೆ ಎರಡು ಗಂಟೆ ನಿಂತವರಿಗೆ ಚಳಿ ಏರುವುದು ಪಾದದಿಂದ.

ಪ್ರಶ್ನೆ: ಇಂಗ್ಲೆಂಡಿನ ಊರೊಂದರ ತಂಡ ಸ್ಕಾಟ್ಲೆಂಡಿನ ಲೀಗಿನಲ್ಲಿ ಆಡುತ್ತಿತ್ತೆಂದು ಓದಿದೆ. ಗಡಿಯಲ್ಲಿರುವ ನಮಗೆ ಇದು ಕುತೂಹಲದ ವಿಷಯ. ವಿವರಿಸುವಿರಾ? (ಮಂಜೇಶ್ವರದಿಂದ ನಿವೃತ್ತ ಅಧ್ಯಾಪಕರು)

ಉತ್ತರ: ಮೇಷ್ಟ್ರೇ, ಆ ತಂಡ ಬೆರಿಕ್ ರೇಂಜರ್ಸ್. ಟ್ವೀಡ್ ನದಿಯ ಬಾಯಿಯಲ್ಲಿರುವ ಬೆರಿಕ್ ಪಟ್ಟಣ ಮಧ್ಯಯುಗದಲ್ಲಿ ಎರಡು ರಾಜ್ಯಗಳ ನಡುವೆ ಮತ್ತೆ ಮತ್ತೆ ಕೈ ಬದಲಾಯಿಸಿ, 1482ರಲ್ಲಿ ಕೊನೆಯ ಬಾರಿಗೆ ಇಂಗ್ಲೆಂಡಿನ ಪಾಲಾಯಿತು. ಈಗಿನ ಗಡಿ ಪಟ್ಟಣದಿಂದ ಉತ್ತರಕ್ಕೆ ನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿದೆ. ಕ್ಲಬ್ಬಿನ ಶೀಲ್‌ಫೀಲ್ಡ್ ಮೈದಾನವಂತೂ ನದಿಯ ದಕ್ಷಿಣದ ದಡದ ಕಡೆಗೇ ಇದೆ. ಹಾಗಿದ್ದೂ ಸುತ್ತಮುತ್ತಲಿನ ಎದುರಾಳಿಗಳು ಸ್ಕಾಟ್ಲೆಂಡಿನ ಊರುಗಳವರಾದ್ದರಿಂದ ಕ್ಲಬ್ಬು ಆ ಕಡೆಗೇ ಸೇರಿಕೊಂಡು, 1951ರಿಂದ 2019ರವರೆಗೆ ಸ್ಕಾಟಿಷ್ ಲೀಗಿನಲ್ಲಿ ಆಡಿತು.

ಅದರ ಬೆಂಬಲಿಗರು ಮೊಮ್ಮಕ್ಕಳಿಗೂ ಹೇಳುವ ಕಥೆ ಒಂದೇ. 1967ರ ಜನವರಿ 28, ಅಂದರೆ ನಮ್ಮಲ್ಲಿ ಮಹಾಜನ ಆಯೋಗದ ವರದಿಗಾಗಿ ಎಲ್ಲರೂ ಕಾದಿದ್ದ ದಿನಗಳು. ಗ್ಲಾಸ್ಗೋದ ಬಲಾಢ್ಯ ರೇಂಜರ್ಸ್ ತಂಡ ಕಪ್ ಪಂದ್ಯಕ್ಕೆ ಬೆರಿಕ್‌ಗೆ ಬಂತು. ಅದೇ ವರ್ಷ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ತನಕ ಹೋದ ತಂಡವದು. ಸ್ಯಾಮಿ ರೀಡ್ ಹೊಡೆದ ಒಂದೇ ಗೋಲಿನಿಂದ ಬೆರಿಕ್ ಗೆದ್ದಿತು. ಅಂದು ಬೆರಿಕ್‌ನ ಗೋಲ್‌ಕೀಪರನೂ ಮ್ಯಾನೇಜರನೂ ಆಗಿದ್ದ ಜಾಕ್ ವಾಲೆಸ್ ಮುಂದೆ ಅದೇ ರೇಂಜರ್ಸ್ ತಂಡದ ಮ್ಯಾನೇಜರಾಗಿ, ಒಂದೇ ವರ್ಷದಲ್ಲಿ ದೇಶದ ಮೂರೂ ಪ್ರಶಸ್ತಿಗಳನ್ನು ಗೆಲ್ಲುವ ಸಾಧನೆಯನ್ನು ಎರಡು ಸಲ ಮಾಡಿಸಿದರು.

ಬೆರಿಕ್‌ನ ಕಥೆಗೆ ಕನ್ನಡಿ ಹಿಡಿದಂತಿರುವುದು ಗಡಿಯ ಪಶ್ಚಿಮ ತುದಿಯ ಗ್ರೆಟ್ನಾ. ಸ್ಕಾಟ್ಲೆಂಡಿನೊಳಗೆ ಇರುವ ಆ ಊರಿನ ತಂಡವು 2002ರವರೆಗೆ ಇಂಗ್ಲೆಂಡಿನ ಲೀಗುಗಳಲ್ಲಿ ಆಡುತ್ತಿತ್ತು. ಆಡಳಿತದ ಗೆರೆ ಎಲ್ಲಿಯೇ ಇರಲಿ, ತಂಡಗಳು ತಮಗೆ ಪಂದ್ಯ ಸಿಗುವ ಕಡೆಗೆ ಹೋದವು, ಬೆಂಬಲಿಗರೂ ಅವುಗಳ ಹಿಂದೆ ಹೋದರು. ಚಂದ್ರಗಿರಿಯ ಈಚೆ ಕುಳಿತು ಅದನ್ನು ಬರೆಯುವಾಗ ಸ್ವಲ್ಪ ಅಸೂಯೆಯಾಗುತ್ತದೆ ಎಂಬುದನ್ನು ತಮ್ಮಲ್ಲಿ ಮುಚ್ಚಿಡಬೇಕಾಗಿಲ್ಲ. ಬೆರಿಕ್ 2019ರಲ್ಲಿ ಕೋವ್ ರೇಂಜರ್ಸ್ ಎದುರು ಎರಡು ಪಂದ್ಯಗಳಲ್ಲಿ ಒಟ್ಟು 7–0ರಿಂದ ಸೋತು ಲೀಗಿನಿಂದ ಹೊರಬಿತ್ತು. ಆದರೂ ಅದು ಇಂಗ್ಲೆಂಡಿನ ಕಡೆಗೆ ತಿರುಗದೆ, ಸ್ಕಾಟ್ಲೆಂಡಿನ ಲೋಲ್ಯಾಂಡ್ ಲೀಗಿಗೇ ಇಳಿಯಿತು.

ಪ್ರಶ್ನೆ: ನಮ್ಮ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಟೂರ್ನಮೆಂಟ್ ಒಂದು ತಿಂಗಳಲ್ಲಿ ಮುಗಿದುಹೋಗುತ್ತದೆ; ತಂಡವೂ ಅಷ್ಟಕ್ಕೇ ಚದುರುತ್ತದೆ. ಆ ಕ್ಲಬ್ಬುಗಳು ಅಷ್ಟು ಕಡಿಮೆ ಜನರನ್ನಿಟ್ಟುಕೊಂಡು ನೂರಾರು ವರ್ಷ ಹೇಗೆ ಬದುಕುತ್ತವೆ? (ಕುಂಬಳೆ ಕಡೆಯ ಒಂದು ಕ್ಲಬ್ಬಿನ ಪದಾಧಿಕಾರಿ)

ಉತ್ತರ: ಎಲ್ಲವೂ ಬದುಕುವುದಿಲ್ಲ. ಮೇಲೆ ಹೇಳಿದ ಗ್ರೆಟ್ನಾವನ್ನೇ ನೋಡಿ. ಒಬ್ಬ ಶ್ರೀಮಂತ ಮಾಲೀಕರ ದುಡ್ಡಿನ ಬಲದಿಂದ ಸತತ ಮೂರು ವರ್ಷ ಬಡ್ತಿ ಪಡೆದು, 2006ರಲ್ಲಿ ಸ್ಕಾಟಿಷ್ ಕಪ್ ಫೈನಲಿನಲ್ಲಿ ಹಾರ್ಟ್ಸ್ ಎದುರು ಪೆನಾಲ್ಟಿಗಳಲ್ಲಿ ಮಾತ್ರ ಸೋತು, 2007ರಲ್ಲಿ ಅತ್ಯುನ್ನತ ಹಂತ ತಲುಪಿತು. ಸ್ವಂತ ಮೈದಾನ ಆ ಹಂತದ ನಿಯಮಕ್ಕೆ ಸಾಲದೆ ಮದರ್‌ವೆಲ್ ಊರಿನ ಮೈದಾನದಲ್ಲಿ ಆಡಬೇಕಾಯಿತು, ಒಂದು ಪಂದ್ಯಕ್ಕೆ ಬಂದವರು ಬರೇ 431 ಜನ. ಮಾಲೀಕರ ಆರೋಗ್ಯ ಕೆಟ್ಟು ದುಡ್ಡು ನಿಂತೊಡನೆ 2008ರಲ್ಲಿ ಕ್ಲಬ್ಬೇ ಮುಗಿಯಿತು. ಅಷ್ಟಾದ ಮೇಲೆ ಆ ಹೆಸರನ್ನು ಹೊತ್ತು ಹೊಸ ಕ್ಲಬ್ಬನ್ನು ಕೆಳಗಿನಿಂದ ಕಟ್ಟಿದವರು ಬೆಂಬಲಿಗರೇ.

ಇದಕ್ಕೆ ಎದುರಾದ ಉದಾಹರಣೆ ಸ್ಟರ್ಲಿಂಗ್ ಆಲ್ಬಿಯನ್. 2010ರಲ್ಲಿ ಬೆಂಬಲಿಗರ ಟ್ರಸ್ಟ್ ಆ ಕ್ಲಬ್ಬನ್ನೇ ಕೊಂಡುಕೊಂಡಿತು. ಎರಡು ವರ್ಷಗಳ ಬಳಿಕ, ಗ್ಲಾಸ್ಗೋ ರೇಂಜರ್ಸ್ ಹಣಕಾಸಿನ ಕುಸಿತದಿಂದ ನಾಲ್ಕನೆಯ ಹಂತದಲ್ಲಿ ಆಡಬೇಕಾಗಿ ಬಂದ ವರ್ಷ, ಪಟ್ಟಿಯ ಕೊನೆಯಲ್ಲಿದ್ದ ಸ್ಟರ್ಲಿಂಗ್ ಅದನ್ನು 1–0ರಿಂದ ಸೋಲಿಸಿತು. ಆ ದಿನ ಮ್ಯಾನೇಜರ್ ಪಂದ್ಯಕ್ಕೆ ಇರಲಿಲ್ಲ. ಅವರ ಮದುವೆ ಇತ್ತು. ಟಿಕೆಟು, ಸ್ಥಳೀಯ ಅಂಗಡಿಗಳ ಜಾಹೀರಾತು ಫಲಕ, ಪೈ ಮಾರಾಟ, ಕಪ್‌ನಲ್ಲಿ ದೊಡ್ಡ ತಂಡದ ಜತೆ ಪಂದ್ಯ ಬಿದ್ದರೆ ಸಿಗುವ ಪಾಲು, ಇವೇ ಇಂಥ ಕ್ಲಬ್ಬುಗಳ ಆದಾಯ. ಹುಲ್ಲು ಕತ್ತರಿಸುವುದರಿಂದ ಹಿಡಿದು ಗೇಟಿನಲ್ಲಿ ಚೀಟಿ ಹರಿಯುವವರೆಗೆ ಎಷ್ಟೋ ಕೆಲಸ ಸಂಬಳವಿಲ್ಲದೆ ನಡೆಯುತ್ತದೆ. ನೀವು ಸೀಸನಿಗೆ ಹೊರಗಿನ ಆಟಗಾರರಿಗೆ ಕೊಡುವ ದುಡ್ಡಿನ ಒಂದಂಶವನ್ನು ಊರಿನ ಹುಡುಗರ ತಂಡಕ್ಕೆ ವರ್ಷವಿಡೀ ಹಂಚಿ ನೋಡಬಹುದು. ಗ್ಯಾಲರಿ ತುಂಬಲಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡಿ ಸಾಕಾಗಿದೆ. ಸ್ಕಾಟ್ಲೆಂಡಿನ ಸಣ್ಣ ಕ್ಲಬ್ಬೊಂದನ್ನು ಇಲ್ಲಿಂದಲೇ ಹಿಂಬಾಲಿಸಬಹುದೇ? ಯಾವುದನ್ನು ಆರಿಸಲಿ? (ಉಪ್ಪಳದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಧಾರಾಳವಾಗಿ. ಫಾಲ್‌ಕಿರ್ಕ್ ಹತ್ತಿರದ ಸ್ಟೆನ್‌ಹೌಸ್‌ಮ್ಯೂರ್ ಕ್ಲಬ್ಬಿಗೆ 1990ರ ದಶಕದಿಂದ ನಾರ್ವೆಯಲ್ಲಿ ಅಭಿಮಾನಿಗಳ ಸಂಘವಿದೆ. 1884ರಲ್ಲಿ ಹುಟ್ಟಿದ ಆ ಕ್ಲಬ್ಬು ತನ್ನ ಮೊದಲ ಲೀಗ್ ಪ್ರಶಸ್ತಿಯನ್ನು ಗೆದ್ದದ್ದು 2024ರಲ್ಲಿ, ಆದುದರಿಂದ ನಾರ್ವೆಯವರು ಗೆಲುವಿನ ಆಸೆಯಿಂದ ಸೇರಿದವರಲ್ಲ.

ವ್ಯವಸ್ಥೆ ಸರಳ. ನಾಲ್ಕು ಹಂತಗಳಲ್ಲಿ 42 ಕ್ಲಬ್ಬುಗಳಿವೆ: ಮೇಲೆ 12, ಕೆಳಗಿನ ಮೂರರಲ್ಲಿ ಹತ್ತು ಹತ್ತು. ಕೆಳಗಿನ ಹಂತಗಳಲ್ಲಿ ಪ್ರತಿಯೊಬ್ಬ ಎದುರಾಳಿಯ ಜತೆ ನಾಲ್ಕು ಸಲ ಆಡಿ ಒಟ್ಟು 36 ಪಂದ್ಯ. ಮೇ ತಿಂಗಳ ಹೊತ್ತಿಗೆ ಎದುರು ತಂಡದ ಗೋಲ್‌ಕೀಪರನ ದೌರ್ಬಲ್ಯವೂ ನಿಮಗೆ ಬಾಯಿಪಾಠವಾಗಿರುತ್ತದೆ. 2014–15ರಿಂದ ಕೊನೆಯ ಹಂತದ ಕೊನೆಯ ತಂಡವು ಹೈಲ್ಯಾಂಡ್ ಅಥವಾ ಲೋಲ್ಯಾಂಡ್ ಲೀಗಿನಿಂದ ಬಂದವರ ಜತೆ ಸೆಣಸಿ ತನ್ನ ಜಾಗ ಉಳಿಸಿಕೊಳ್ಳಬೇಕು. ಬ್ರೀಖಿನ್ ಸಿಟಿ 2017–18ರಲ್ಲಿ ಎರಡನೆಯ ಹಂತದಲ್ಲಿ 36 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ ನಾಲ್ಕೇ ನಾಲ್ಕು ಅಂಕ ಪಡೆದು, 2021ರ ಹೊತ್ತಿಗೆ ಹೈಲ್ಯಾಂಡ್ ಲೀಗಿಗೇ ಇಳಿಯಿತು. ಆರಿಸುವಾಗ ಪಟ್ಟಿಯ ತುದಿಯನ್ನು ನೋಡಬೇಡಿ. ನಿಮಗೆ ಹಿಡಿಸಿದ ಊರನ್ನು ಆರಿಸಿ, ಕನಿಷ್ಠ ಒಂದು ಸೀಸನ್ ಪೂರ್ತಿ ಬದಲಾಯಿಸದಿರಿ.

ಸಮಯದ ದೃಷ್ಟಿಯಿಂದ ನಾವು ಅದೃಷ್ಟವಂತರು. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಆಗಸ್ಟ್‌ನಿಂದ ಆರಂಭವಾಗುವ ಪಂದ್ಯಗಳು ನಮಗೆ ರಾತ್ರಿ 7.30ಕ್ಕೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ 8.30ಕ್ಕೆ. ಬ್ರಿಟನ್ನಿನಲ್ಲಿ ಶನಿವಾರ 2.45ರಿಂದ 5.15ರವರೆಗೆ ಫುಟ್‌ಬಾಲಿನ ನೇರಪ್ರಸಾರಕ್ಕೆ ಸಾಮಾನ್ಯವಾಗಿ ತಡೆ ಇದೆ, ಜನ ಮನೆಯಲ್ಲಿ ಕೂರದೆ ಮೈದಾನಕ್ಕೆ ಬರಲಿ ಎಂದು. ಹೊರದೇಶದವರಿಗೆ ಕೆಲವು ಕ್ಲಬ್ಬುಗಳು ದುಡ್ಡಿಗೆ ಪ್ರಸಾರ ಕೊಡುತ್ತವೆ. ಒಂದೇ ಕ್ಯಾಮರಾ, ಮಂಜು ಬಿದ್ದರೆ ಅದೂ ಮಸುಕು, ಆದರೂ ನೀವು ಕೊಟ್ಟದ್ದು ಕ್ಲಬ್ಬಿಗೆ ಸಲ್ಲುತ್ತದೆ. ಮಂಗಳವಾರ ರಾತ್ರಿ 7.45ರ ಪಂದ್ಯ ಚಳಿಗಾಲದಲ್ಲಿ ನಮಗೆ ಬುಧವಾರ ಬೆಳಗಿನ ಜಾವ 1.15, ಪರೀಕ್ಷೆ ಇದ್ದರೆ ಅದನ್ನು ಬಿಟ್ಟುಬಿಡಿ. ಡಿಸೆಂಬರ್, ಜನವರಿಯಲ್ಲಿ ನೆಲ ಹೆಪ್ಪುಗಟ್ಟಿ ಪಂದ್ಯ ರದ್ದಾಗುವುದು ಸಾಮಾನ್ಯ. ಪಂದ್ಯದ ದಿನ ಬೆಳಿಗ್ಗೆ ಮೈದಾನ ಪರಿಶೀಲಿಸಿ ತೀರ್ಮಾನ ಹೇಳುತ್ತಾರೆ. ನಮಗೆ ಅದು ಶನಿವಾರ ಮಧ್ಯಾಹ್ನ ಅಥವಾ ಸಂಜೆಯ ಹೊತ್ತು. ದುಡ್ಡು ಕಟ್ಟುವ ಮೊದಲು ಆ ಸುದ್ದಿಯನ್ನು ನೋಡಿಕೊಳ್ಳಿ.