ಕ್ಲಿನಿಕ್ ನಡೆಸುತ್ತಲೇ ಸಂಶೋಧನೆ: ಸಂಪಾದಕರ ಉತ್ತರ

ಸಾಗರದ ಕುಟುಂಬ ವೈದ್ಯರೊಬ್ಬರು ಕೇಳಿದ್ದಾರೆ: ‘ಕ್ಲಿನಿಕ್ ನಡೆಸುತ್ತಲೇ ಊರಿನವರ ಬಿಪಿ ಬಗ್ಗೆ ಸಂಶೋಧನೆ ಮಾಡಿದ ವೇಲ್ಸ್‌ನ ಹಳ್ಳಿ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ ಬಗ್ಗೆ ನಿಮ್ಮಲ್ಲಿ ಓದಿದೆ. ನನ್ನ ಕ್ಲಿನಿಕ್ಕಿಗೆ ದಿನಕ್ಕೆ 60 ಜನ ಬರುತ್ತಾರೆ. ಕಾಲೇಜಿನ ನಂಟಿಲ್ಲದೆ ನಾನೂ ಅಂಥ ಸಂಶೋಧನೆ ಮಾಡಬಹುದೇ?’

ಮಾಡಬಹುದು ಡಾಕ್ಟರೇ. ಆದರೆ ಆ 60ರಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಹಾರ್ಟ್ ಅವರ ಬಂಡವಾಳ ಬಂದುಹೋಗುವ ರೋಗಿಗಳಲ್ಲ, ಊರಿನ ಹೆಸರುಪಟ್ಟಿ. 1961ರಲ್ಲಿ ಅವರು ಸೇರಿದ ಗ್ಲಿನ್‌ಕೊರೂಗ್ ಸುಮಾರು 2,000 ಜನರ ಗಣಿ ಊರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರೂ ಒಬ್ಬ ವೈದ್ಯರಲ್ಲಿ ನೋಂದಾಯಿಸಿಕೊಳ್ಳುವುದರಿಂದ, ಕಾಯಿಲೆಯವರ ಜೊತೆಗೆ ಗಟ್ಟಿಮುಟ್ಟಾದವರ ಹೆಸರೂ ಅವರ ಬಳಿ ಇತ್ತು. ಬಿಪಿ ನೂರಕ್ಕೆ ಎಷ್ಟು ಜನರಿಗಿದೆ ಎನ್ನಲು ಛೇದ, ಅಂದರೆ ಒಟ್ಟು ಜನರ ಲೆಕ್ಕ, ಬೇಕಲ್ಲ, ಅದು ಕೈಯಲ್ಲೇ ಇತ್ತು. ನಿಮ್ಮಲ್ಲಿರುವುದು ಅಂಶ, ಅಂದರೆ ಕಾಯಿಲೆಯಿಂದ ಬಂದವರ ಲೆಕ್ಕ, ಮಾತ್ರ.

1970ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅವರ ವಿಧಾನ ಸರಳ. 20ರಿಂದ 64 ವರ್ಷದವರು ಕೆಮ್ಮಿಗೆ ಬರಲಿ, ಮಂಡಿನೋವಿಗೆ ಬರಲಿ, ಬಿಪಿ ನೋಡಿ ಪಟ್ಟಿಯಲ್ಲಿ ಗುರುತು ಹಾಕುವುದು. ಉಳಿದವರನ್ನು ಹುಡುಕಿಕೊಂಡು ಹೋಗುವುದು. ಹಲವರು ಮುಗ್ಗರಿಸುವುದು ಇಲ್ಲೇ. ನೂರಕ್ಕೆ 80 ಪಾಲು ಮುಗಿದೊಡನೆ ಸಾಕೆನಿಸುತ್ತದೆ. ಬಾರದವರು ಬಂದವರಂತೆಯೇ ಇರುತ್ತಾರೆಂದು ನಂಬಲು ಆಧಾರವಿಲ್ಲ.

ಅಳತೆಯೂ ಕೈಕೊಡುತ್ತದೆ. ದಪ್ಪ ತೋಳಿಗೆ ಬಿಪಿ ಉಪಕರಣದ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಹೆಚ್ಚು ತೋರುತ್ತದೆ. ಐದು ನಿಮಿಷ ಕೂರಿಸಿ, ತೋಳನ್ನು ಎದೆಮಟ್ಟಕ್ಕೆ ಇಟ್ಟು ನೋಡಿ. ಒಂದೇ ದಿನದ ಅಳತೆಯಿಂದ ಯಾರಿಗೂ ಬಿಪಿ ಹಣೆಪಟ್ಟಿ ಹಚ್ಚಬೇಡಿ. ಬೇರೆ ಬೇರೆ ದಿನದ ಸರಾಸರಿ ತೆಗೆಯಿರಿ. 140, 150 ಎಂದು ದುಂಡಗೆ ಬರೆಯುವ ಚಟ ಎಲ್ಲರಿಗೂ ಇದೆ. 2 ಮಿ.ಮೀ. ಗೆರೆಗಳ ಉಪಕರಣದಲ್ಲಿ ಸೊನ್ನೆಯಲ್ಲಿ ಮುಗಿಯುವ ಅಂಕಿ ಐದರಲ್ಲೊಂದು ಪಾಲು ಇರಬೇಕು. ಅರ್ಧಕ್ಕರ್ಧ ಸೊನ್ನೆಗಳೇ ಇದ್ದರೆ ಆ ವಹಿಯನ್ನು ನಂಬುವಂತಿಲ್ಲ.

‘ಕಾಲೇಜಿನ ನಂಟಿಲ್ಲದೆ’ ಎಂದಿರಲ್ಲ, ಹಾರ್ಟ್ ಅವರ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಅವರು ವೈದ್ಯ-ಸಂಶೋಧಕ ಆರ್ಚಿ ಕಾಕ್ರೇನ್ ಜೊತೆ ಎಪಿಡೆಮಿಯಾಲಜಿಯಲ್ಲಿ, ಅಂದರೆ ಯಾವ ಕಾಯಿಲೆ ಎಷ್ಟು ಜನರಿಗೆ, ಏಕೆ ಬರುತ್ತದೆ ಎಂಬ ಅಧ್ಯಯನದಲ್ಲಿ, ಪಳಗಿದ್ದವರು. ಪತ್ನಿ ಮೇರಿ ಹಾರ್ಟ್ ಸಂಶೋಧನೆಯಲ್ಲಿ ಜೊತೆಗಿದ್ದರು, ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ನೆರವೂ ಇತ್ತು. 25 ವರ್ಷಗಳ ಫಲಿತಾಂಶ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು: 65ರೊಳಗಿನ ಸಾವು ಪಕ್ಕದ ಊರಿಗಿಂತ ಕಡಿಮೆ. ಹೋಲಿಸಿದ್ದು ಒಂದೇ ಊರಿನೊಡನೆ, ಹಾಗಾಗಿ ಇದನ್ನು ಅಂತಿಮ ಪುರಾವೆ ಎನ್ನಲಾಗದು. ಹೆಸರು ತಂದದ್ದು 1971ರ ‘ಇನ್ವರ್ಸ್ ಕೇರ್ ಲಾ’, ಅಂದರೆ ಆರೈಕೆ ಹೆಚ್ಚು ಬೇಕಾದಲ್ಲೇ ಅದು ಕಡಿಮೆ ಸಿಗುತ್ತದೆ ಎಂಬ ಲೇಖನ. ನಿಮಗೆ ಉಪಯೋಗಕ್ಕೆ ಬರುವುದು ಅವರ ಬಿಪಿ ವಹಿಯೇ.

ಹಾಗಾಗಿ ಮೊದಲು ಛೇದ ಮಾಡಿಕೊಳ್ಳಿ. ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿ, ಸುಮಾರು 1,000 ಜನ, ಸಾಕು. ಮನೆ ಸಂಖ್ಯೆ, ವಯಸ್ಸು, ಲಿಂಗ ಬರೆದು ಆರು ತಿಂಗಳಿಗೊಮ್ಮೆ ಹುಟ್ಟು, ಸಾವು, ವಲಸೆ ತಿದ್ದಿ. ಸಂಶೋಧನೆಯ ಪ್ರಶ್ನೆ ಒಂದೇ ಇರಲಿ. ಮಾಹಿತಿ ಸಂಗ್ರಹಿಸುವ ಮುನ್ನ ಹತ್ತಿರದ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಆಮೇಲೆ ಕೇಳಿದರೆ ಸಿಗದು, ಪತ್ರಿಕೆಗಳೂ ಲೇಖನ ತಿರಸ್ಕರಿಸುತ್ತವೆ. ಸಂಖ್ಯಾಶಾಸ್ತ್ರಜ್ಞರನ್ನೂ ಆಗಲೇ ಕಾಣಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಹೆಸರುಗಳ ಪಟ್ಟಿ ಬೇರೆ ಕಡತದಲ್ಲಿರಲಿ. ನಮೂನೆಯನ್ನು ಮೊದಲು 50 ಜನರಲ್ಲಿ ಪರೀಕ್ಷಿಸಿ, ಖಾಲಿಯೇ ಉಳಿಯುವ ಕಾಲಂಗಳನ್ನು ಕಿತ್ತುಹಾಕಿ. 60 ಜನರ ಸರದಿಯ ನಡುವೆ ಎರಡು ನಿಮಿಷದಲ್ಲಿ ತುಂಬಲಾಗದ ನಮೂನೆಯನ್ನು ಮೂರನೇ ವಾರಕ್ಕೆ ಯಾರೂ ತುಂಬುವುದಿಲ್ಲ.