ಮೊದಲ ರಾತ್ರಿ ಯಲ್ಲಾಪುರದಲ್ಲೇ ಉಳಿ ತಂಗಿ

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ, ಕೊಪ್ಪಳದಲ್ಲಿ ಕೆಲಸ. ಕಾರು ಕಲಿತು ಎರಡು ವರ್ಷ ಆಯಿತು, ಆದರೆ ಗಂಗಾವತಿ, ಹೊಸಪೇಟೆ ಬಿಟ್ಟು ದೂರ ಓಡಿಸಿಲ್ಲ. ಡಿಸೆಂಬರ್‌ನಲ್ಲಿ ಒಬ್ಬಳೇ ಗೋಕರ್ಣಕ್ಕೆ ಹೋಗುವ ಆಸೆ. ಶನಿವಾರ ಅರ್ಧ ದಿನ ಡ್ಯೂಟಿ ಇರುತ್ತದೆ. ಒಂದು ಗಂಟೆಗೆ ಹೊರಟರೆ ಏಳಕ್ಕೆ ಮುಟ್ಟಬಹುದು ಅಂತ ಮ್ಯಾಪ್ ತೋರಿಸುತ್ತದೆ. ಸೋಮವಾರ ರಜೆ ಹಾಕಿದ್ದೇನೆ. ಅವ್ವ ಮಾತ್ರ "ಒಬ್ಬಾಕಿನೇ ಯಾಕ ಹೊಂಟೀ?" ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ. ಮೊದಲ ದಿನ ಹೇಗೆ ಪ್ಲ್ಯಾನ್ ಮಾಡಲಿ?
- ಹೆಸರು ಬೇಡ, ಕೊಪ್ಪಳ

ಉತ್ತರ: ಹೋಗು ತಂಗಿ, ಖಂಡಿತ ಹೋಗು. ಆದರೆ ಶನಿವಾರ ರಾತ್ರಿಗೆ ಗೋಕರ್ಣ ಬೇಡ, ಯಲ್ಲಾಪುರದಲ್ಲಿ ಉಳಿ.

ಮ್ಯಾಪ್ ಸುಳ್ಳು ಹೇಳುತ್ತಿಲ್ಲ. ಆದರೆ ಈ ದಾರಿಯ ಕಷ್ಟವೆಲ್ಲ ಕೊನೆಗೆ ಇದೆ ಅನ್ನೋದನ್ನು ಅದು ಹೇಳಲ್ಲ. ಕೊಪ್ಪಳದಿಂದ ಗದಗ, ಅಣ್ಣಿಗೇರಿ, ಹುಬ್ಬಳ್ಳಿವರೆಗೆ ಬಯಲು, ಗದಗಿನ ಆಸುಪಾಸಿನ ಗಾಳಿಯಂತ್ರ ನೋಡುತ್ತ ಆರಾಮಾಗಿ ಹೋಗಬಹುದು, ಅಲ್ಲಿಗೆ "ಅಯ್ಯೋ, ಇಷ್ಟೇನಾ" ಅನಿಸಿಬಿಡುತ್ತದೆ. ಕಲಘಟಗಿ ದಾಟಿದ ಮೇಲೆ ಕಾಡು ಶುರು. ಯಲ್ಲಾಪುರ ಬಿಟ್ಟರೆ ಅರಬೈಲ್ ಘಟ್ಟ. ನೀನು ಒಂದಕ್ಕೆ ಹೊರಟು, ಹುಬ್ಬಳ್ಳಿ ಟ್ರಾಫಿಕ್‌ನಲ್ಲಿ ಸಿಕ್ಕಿ, ಒಂದು ಕಡೆ ಚಹಾ ಕುಡಿದರೂ ಯಲ್ಲಾಪುರಕ್ಕೆ ಬರುವಾಗ ಐದೂವರೆ. ಡಿಸೆಂಬರ್‌ನಲ್ಲಿ ಆರು ದಾಟಿತು ಅಂದರೆ ಸೂರ್ಯ ಮುಳುಗಿದ ಹಾಗೇ, ಅದರಲ್ಲೂ ಮರಗಳ ಕೆಳಗೆ ಕತ್ತಲೆ ಇನ್ನೂ ಬೇಗ ಬರುತ್ತದೆ. ಅಂದರೆ ದಣಿದ ಹೊತ್ತಿಗೆ, ಕತ್ತಲಲ್ಲಿ, ಜೀವನದ ಮೊದಲ ಘಟ್ಟ!

ಇದು ನನ್ನ ಅನುಭವದ ಮಾತು. ಬಳ್ಳಾರಿಯಿಂದ ಒಬ್ಬಳೇ ಹೊರಟ ಮೊದಲ ಸಲ ಲಕ್ಕುಂಡಿಯಲ್ಲಿ ಎರಡು ತಾಸು ಕಳೆದೆ. ಗುಡಿ ಚೆನ್ನಾಗಿವೆ, ಇಲ್ಲ ಅನ್ನಲ್ಲ, ಆದರೆ ಲಕ್ಕುಂಡಿಗೆ ಯಾವ ಭಾನುವಾರ ಬೇಕಾದರೂ ಹೋಗಬಹುದಿತ್ತು. ಸಂಜೆ ಯಲ್ಲಾಪುರದಲ್ಲಿ ಚಹಾ ಕುಡಿಯುತ್ತ "ಇನ್ನೇನು, ಒಂದೂವರೆ ತಾಸು" ಅಂದುಕೊಂಡು ಇಳಿದೇಬಿಟ್ಟೆ. ಹಿಂದೆ ಲಾರಿ, ಮುಂದೆ ಲಾರಿ, ಎದುರಿನವರದೆಲ್ಲ ಹೈ ಬೀಮ್. ನಾನು ಬ್ರೇಕ್ ಮೇಲಿನ ಕಾಲು ತೆಗೆಯಲೇ ಇಲ್ಲ. ಕೆಳಗೆ ಬಂದು ನಿಲ್ಲಿಸಿದಾಗ ಗಾಲಿಯಿಂದ ಸುಟ್ಟ ವಾಸನೆ. ಅಂಗಡಿಯವರು ಬಂದು ನೋಡಿ, "ಗೇರ್‌ನಲ್ಲಿ ಇಳಿಸೋದಲ್ವಾ ಅಮ್ಮಾ" ಅಂದರು. ಅಷ್ಟು ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಸಾಕು ಎಂಬಂತಾಗಿತ್ತು, ಬೈದಿದ್ದರೂ ಖುಷಿಯೇ ಆಗುತ್ತಿತ್ತೇನೋ.

ಅವರು ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಘಟ್ಟ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಎರಡು ಅಥವಾ ಮೂರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿ ಬಿಡು, ಒತ್ತಿ ಬಿಡು. ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕುವವರಿದ್ದಾರೆ, ಅವರ ಮಾತು ಕೇಳಬೇಡ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡು. ತಿರುವಿನಲ್ಲಿ ಹಾರ್ನ್ ಹೊಡಿ, ಲಾರಿಯನ್ನು ಹಿಂದೆ ಹಾಕುವ ಹಟ ಬೇಡ. ಒಂದು ಕಾಲದಲ್ಲಿ ನಮ್ಮ ಬಳ್ಳಾರಿ ಕಡೆಯ ಅದಿರು ಲಾರಿಗಳು ಬೇಲೆಕೇರಿ ಬಂದರಿಗೆ ಇದೇ ಘಟ್ಟ ಇಳಿಯುತ್ತಿದ್ದವು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಹಾಗಂತ ರಸ್ತೆ ಖಾಲಿ ಅಂದುಕೊಳ್ಳಬೇಡ, ದೊಡ್ಡ ಗಾಡಿ ಈಗಲೂ ಜಾಸ್ತಿ.

ಯಲ್ಲಾಪುರದ ಲಾಡ್ಜ್‌ಗೆ ಎರಡು ದಿನ ಮೊದಲೇ ಫೋನ್ ಮಾಡು. ಒಬ್ಬಳೇ ಬರುತ್ತೇನೆ ಅಂತ ನೇರವಾಗಿ ಹೇಳು, ಕಾರು ಒಳಗೆ ನಿಲ್ಲಿಸಲು ಜಾಗ ಇದೆಯಾ ಕೇಳು. ಮಾತಿನ ಧಾಟಿ ಸರಿ ಅನಿಸದಿದ್ದರೆ ಬೇರೆ ಲಾಡ್ಜ್ ನೋಡು. ಆಧಾರ್ ಜೊತೆಗಿರಲಿ.

ಭಾನುವಾರ ಬೆಳಿಗ್ಗೆ ಬೇಗ ಎದ್ದರೆ ಮಾಗೋಡು ಜಲಪಾತ ಹತ್ತಿರವೇ ಇದೆ. ಅಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ಅದೇ ಹೊಳೆ ಮುಂದೆ ಗಂಗಾವಳಿ ಆಗಿ ಗೋಕರ್ಣದ ಹತ್ತಿರ ಸಮುದ್ರ ಸೇರುತ್ತದೆ. ಘಟ್ಟ ಇಳಿದ ಮೇಲೆ ಅಂಕೋಲಾ ಕಡೆ ಹೋಗುವಾಗ ಮತ್ತೆ ಸಿಗುತ್ತದೆ, ನಂತರ ಗೋಕರ್ಣಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಅದರ ಸೇತುವೆ ದಾಟುತ್ತೀಯ. ಆ ಸೇತುವೆಯ ಆಸುಪಾಸಿನಲ್ಲೇ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತದ್ದು ಅಲ್ಲಿಯೇ. ನೀನು ಮಳೆಗಾಲದಲ್ಲಿ ಹೊರಟಿದ್ದರೆ ನಾನು ಬೇಡ ಅಂತಲೇ ಹೇಳುತ್ತಿದ್ದೆ.

ಇನ್ನು ಅವ್ವನ ವಿಷಯ. ಗೆಳತಿ ಜೊತೆಗಿದ್ದಾಳೆ ಅಂತ ಸುಳ್ಳು ಹೇಳಬೇಡ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿಸು, ಗಾಲಿ ಬದಲಿಸೋದನ್ನು ಮನೆ ಮುಂದೆ ಅವಳ ಕಣ್ಣೆದುರೇ ಒಂದು ಸಲ ಮಾಡು. ನಾನು ಹಾಗೆ ಮಾಡಿದ ಮೇಲೇ ನಮ್ಮವ್ವ ಸುಮ್ನಾಗಿದ್ದು. ಗದಗ, ಹುಬ್ಬಳ್ಳಿ, ಯಲ್ಲಾಪುರ, ಮೂರು ಕಡೆಯಿಂದ ಫೋನ್ ಮಾಡು. ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆ ಹೊತ್ತಿನಲ್ಲಿ ಸಿಗಲ್ಲ ಅಂತ ಮೊದಲೇ ಹೇಳಿಡು. ಮ್ಯಾಪ್ ಡೌನ್‌ಲೋಡ್ ಮಾಡಿಕೋ. ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112.

ಹಾಂ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೋ. ಘಟ್ಟದ ಕೆಳಗೆ ಅನ್ನ, ಮೀನು ಚೆನ್ನಾಗಿ ಸಿಗುತ್ತದೆ, ಜೋಳದ ರೊಟ್ಟಿ ಹುಡುಕಬೇಕಾಗುತ್ತದೆ.

ಪ್ರಶ್ನೆ: ರಾಯಚೂರಿನಿಂದ ಕಾರವಾರಕ್ಕೆ ಬೈಕ್‌ನಲ್ಲಿ ಒಬ್ಬನೇ, ಒಂದೇ ದಿನದಲ್ಲಿ ಆಗುತ್ತದಾ?
- ರಾಯಚೂರಿನ ಓದುಗ

ಉತ್ತರ: ಆಗುತ್ತದೆ, ಮರುದಿನ ಬೆನ್ನು ನೆಟ್ಟಗಾಗಲ್ಲ ಅಷ್ಟೇ. 400 ಕಿಲೋಮೀಟರ್‌ಗಿಂತ ಜಾಸ್ತಿ ಇದೆ ತಮ್ಮಾ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿಂದು ಮಲಗು.