ವಿದ್ಯಾರ್ಥಿಗಳ ಕ್ಲಿನಿಕ್‌ನಲ್ಲಿ ಯಾರು ಯಾರಿಗಾಗಿ ಕಾಯಬೇಕು?

ಪ್ರಶ್ನೆ: ಮೇಡಂ, ನಮ್ಮ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಕಲಿಕಾ ಕ್ಲಿನಿಕ್ ಶುರುವಾಗಿ ಆರು ತಿಂಗಳಾಯಿತು. ಬೆಳಗ್ಗೆ ಮೂರು ಗಂಟೆ ಕ್ಲಿನಿಕ್, ಆರು ವಿದ್ಯಾರ್ಥಿಗಳು, ನೋಡಿಕೊಳ್ಳಲು ನಾನೊಬ್ಬನೇ. ಜಾಗ ಇದೆ, ಮಂಚಗಳಿವೆ, ರೋಗಿಗಳೂ ಬರುತ್ತಾರೆ. ಆದರೂ ದಿನಾ ಗಲಾಟೆ. ರೋಗಿಗಳು ಕಾದು ಕಾದು ಬೈದು ಹೋಗುತ್ತಾರೆ, ವಿದ್ಯಾರ್ಥಿಗಳು ನನ್ನ ಹಿಂದೆ ಸಾಲುಗಟ್ಟಿ ನಿಂತಿರುತ್ತಾರೆ. ಇನ್ನೊಬ್ಬ ಅಧ್ಯಾಪಕರನ್ನು ಕೊಡಿ ಅಂದರೆ ಬಜೆಟ್ ಇಲ್ಲ ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ನೋಡಿ. ಆರು ರೋಗಿಗಳಿಗೂ ಒಂಬತ್ತು ಗಂಟೆ ಅಂತಲೇ ಬರೆದಿರುತ್ತದೆ. ಅಲ್ವಾ? ನಾನೂ ಮೊದಲ ವರ್ಷ ಹಾಗೇ ಬರೆಸುತ್ತಿದ್ದೆ.

ಈಗ ಲೆಕ್ಕ ಹಾಕಿ. ಹೊಸ ರೋಗಿಯ ಹಿಸ್ಟರಿ ಕೇಳಿ, ಪರೀಕ್ಷೆ ಮಾಡಲು ವಿದ್ಯಾರ್ಥಿಗೆ 40 ನಿಮಿಷ ಬೇಕು ಅಂದುಕೊಳ್ಳೋಣ. 9.40ಕ್ಕೆ ಆರೂ ಜನ ಒಟ್ಟಿಗೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಒಬ್ಬೊಬ್ಬರಿಗೆ ನೀವು ಬರೀ 10 ನಿಮಿಷ ಕೊಟ್ಟರೂ ಆರನೆಯವರ ಸರದಿ ಬರುವುದು 10.30ಕ್ಕೆ. ಅಷ್ಟು ಹೊತ್ತು ಆ ರೋಗಿ ಪರದೆಯ ಹಿಂದೆ ಸುಮ್ನೆ ಕೂತಿರಬೇಕು. ಅತ್ತ 9ರಿಂದ 9.40ರವರೆಗೆ ನಿಮಗೆ ಹೆಚ್ಚು ಕೆಲಸವೇ ಇರುವುದಿಲ್ಲ. ನಿಮ್ಮ ಕ್ಲಿನಿಕ್‌ನಲ್ಲಿ ಎಲ್ಲವೂ ನಿಂತಿರುವುದು ನಿಮ್ಮ ಆ 10 ನಿಮಿಷದ ಮೇಲೆ. ಪುಸ್ತಕ ಬರೆಯಬೇಕಾದ್ದೂ ಅದನ್ನು ನೋಡಿಕೊಂಡೇ.

ಹೊಸ ರೋಗಿಗಳನ್ನು ಹತ್ತು ನಿಮಿಷಕ್ಕೊಬ್ಬರಂತೆ ಬರಹೇಳಿ. ಮೊದಲನೆಯವರು 9ಕ್ಕೆ, ಕೊನೆಯವರು 9.50ಕ್ಕೆ. ಆಗ 9.40ರಿಂದ 10.40ರೊಳಗೆ ಆರೂ ಜನರನ್ನು ಒಬ್ಬರಾದ ಮೇಲೊಬ್ಬರು ನೋಡಿ ಮುಗಿಸುತ್ತೀರಿ, ಯಾರೂ ಕಾಯುವುದಿಲ್ಲ. 11ರ ನಂತರ ಹಳೇ ರೋಗಿಗಳನ್ನು ಕರೆಸಿ, ಅವರ ಹತ್ತಿರ ನಿಮಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಇನ್ನು ಬೆಳಗಿನ ಆ ಖಾಲಿ ಹೊತ್ತಿದೆಯಲ್ಲ, ಅದನ್ನು ಹಾಜರಿ ತುಂಬಿಸಲು ಕಳೆಯಬೇಡಿ. ಒಬ್ಬ ವಿದ್ಯಾರ್ಥಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಬಾಯಿ ಮುಚ್ಚಿ ಕುಳಿತು ನೋಡಿ. ಬಾಯಿ ಮುಚ್ಚಿ ಕೂರುವುದೇ ಕಷ್ಟ, ಗೊತ್ತು.

ಆ 10 ನಿಮಿಷ ಹೇಗೆ ಹೋಗುತ್ತದೆ ಅನ್ನುವುದು ಇನ್ನೊಂದು ಕಥೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ವಿದ್ಯಾರ್ಥಿ ಹೊರಗೆ ಬಂದು ಕೇಸ್ ಶೀಟ್ ಪೂರ್ತಿ ಓದುತ್ತಾನೆ. ಆಮೇಲೆ ಮೇಷ್ಟ್ರು ಒಳಗೆ ಹೋಗಿ "ಏನು ತೊಂದರೆ?" ಅಂತ ಮೊದಲಿಂದ ಶುರು ಮಾಡುತ್ತಾರೆ. ರಿಸೆಪ್ಷನ್‌ನಲ್ಲಿ ಒಮ್ಮೆ, ವಿದ್ಯಾರ್ಥಿಗೊಮ್ಮೆ, ಈಗ ಮೂರನೇ ಸಲ ಅದೇ ಕಥೆ. ನಾನು ವಿದ್ಯಾರ್ಥಿಯಿಂದ ಇದನ್ನು ರೋಗಿಯ ಮುಂದೆಯೇ ಹೇಳಿಸುತ್ತೇನೆ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಒಂದು ದಿನ ಹೀಗಾಯಿತು. ಭುಜನೋವಿನ ರೋಗಿಯೊಬ್ಬರು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕುಳಿತಿದ್ದರು. ವಿದ್ಯಾರ್ಥಿನಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು.

"ನಿನಗೇನು ಅನ್ನಿಸುತ್ತೆ?" ಅಂದೆ.

"ಫ್ರೋಜನ್ ಶೋಲ್ಡರ್, ಮೇಡಂ. ಭುಜದ ಕೀಲು ಬಿಗಿದುಕೊಂಡಿದೆ."

"ಯಾಕೆ?"

"ಅವರು ಎತ್ತಿದರೂ ಕೈ ಬರಲ್ಲ, ನಾನು ಎತ್ತಿದರೂ ಬರಲ್ಲ. ಹೊರಗಡೆ ತಿರುಗಿಸುವುದಂತೂ ತುಂಬಾ ಕಡಿಮೆ."

ಇಲ್ಲಿ ನಾನು ಒಂದೇ ಸೂತ್ರ ಹೇಳಿದೆ. ತಾವಾಗಿ ಎತ್ತಿದರೆ ಬರದೆ, ನಾವು ಎತ್ತಿದಾಗ ಸಲೀಸಾಗಿ ಬಂದರೆ ಸ್ನಾಯು ಅಥವಾ ನರದ ಕಡೆ ನೋಡು. ಎರಡೂ ಬರದಿದ್ದರೆ ಕೀಲಿನ ಕಡೆ ನೋಡು. ಎರಡನ್ನೂ ಹೋಲಿಸಿ ನೋಡಿದ್ದು ಸರಿಯಾಯಿತು ಅಂದೆ. "ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದೆಯಾ?" ಕೇಳಿರಲಿಲ್ಲ. ಅವಳು ರೋಗಿಯ ಕಡೆ ತಿರುಗುವ ಮೊದಲೇ ಅವರು "ಎಂಟು ವರ್ಷದಿಂದ ಇದೆಯಮ್ಮಾ, ಯಾರೂ ಕೇಳಲಿಲ್ಲ" ಅಂದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ತೊಂದರೆ ಜಾಸ್ತಿ. ಆ ಹುಡುಗಿ ಇನ್ನು ಆ ಪ್ರಶ್ನೆ ಮರೆಯುವುದಿಲ್ಲ ಬಿಡಿ.

ಹೀಗೆ ಕೇಳಿ ಕಲಿಸುವುದು ನಾನು ಕಂಡುಹಿಡಿದದ್ದೇನಲ್ಲ. 1992ರಲ್ಲಿ ಅಮೆರಿಕದ ವೈದ್ಯ ಜಾನ್ ನೆಹರ್ ಮತ್ತು ಸಂಗಡಿಗರು ಬರೆದ ಐದು ಹೆಜ್ಜೆಗಳು, "ಒನ್ ಮಿನಿಟ್ ಪ್ರಿಸೆಪ್ಟರ್", ಅಂದರೆ ಒಂದು ನಿಮಿಷದ ಮೇಷ್ಟ್ರು, ಅಂತ ಹೆಸರಾಗಿದೆ. ವಿದ್ಯಾರ್ಥಿಯಿಂದ ಒಂದು ತೀರ್ಮಾನ ಹೇಳಿಸು, ಕಾರಣ ಕೇಳು, ಒಂದು ಸೂತ್ರ ಕಲಿಸು, ಸರಿ ಮಾಡಿದ್ದನ್ನು ಹೇಳು, ತಪ್ಪನ್ನು ತಿದ್ದು. ನಿಮಿಷ ಒಂದೇ ಆಗುವುದಿಲ್ಲ, ಆದರೆ ಹತ್ತರೊಳಗೆ ಖಂಡಿತ ಮುಗಿಯುತ್ತದೆ. ದೊಡ್ಡ ತಪ್ಪಾಗಿದ್ದರೆ ಮಾತ್ರ ಹೊರಗೆ ಕರೆದು ಹೇಳಿ. ರೋಗಿಯ ಮುಂದೆ ಬೈಸಿಕೊಂಡವರ ಕೈಗೆ ಆ ರೋಗಿ ಮತ್ತೆ ತನ್ನ ಭುಜ ಕೊಡುವುದಿಲ್ಲ.

ರೋಗಿಗಳ ಸಂಖ್ಯೆ ಹೆಚ್ಚಿಸಿ ಅಂತ ಮೇಲಿನವರು ಒತ್ತಾಯ ಮಾಡಿದರೆ ಬೋರ್ಹಾವೆಯ ಕಥೆ ಹೇಳಿ. 18ನೇ ಶತಮಾನದ ಆರಂಭದಲ್ಲಿ ಹರ್ಮನ್ ಬೋರ್ಹಾವೆ ಎಂಬ ವೈದ್ಯ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 12 ಹಾಸಿಗೆ ಇಟ್ಟುಕೊಂಡು ಪಾಠ ಮಾಡುತ್ತಿದ್ದ, ಆರು ಗಂಡಸರಿಗೆ, ಆರು ಹೆಂಗಸರಿಗೆ. ಯುರೋಪಿನ ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳು ಆ 12 ಹಾಸಿಗೆ ಹುಡುಕಿಕೊಂಡು ಬರುತ್ತಿದ್ದರು.

ಪ್ರಶ್ನೆ: ನಾನು ದಂತವೈದ್ಯಕೀಯ ವಿದ್ಯಾರ್ಥಿನಿ. ಲಾಗ್‌ಬುಕ್‌ನಲ್ಲಿ ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲು ಕೀಳುವುದು ಅಂತ ಕೋಟಾ ಇದೆ. ಅದು ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನನಗೆ ಬೇಕಾದ ಹಲ್ಲಿರುವ ರೋಗಿಯನ್ನು ನನ್ನ ಗೆಳತಿ ಮೊದಲೇ ಹಿಡಿದುಬಿಡುತ್ತಾಳೆ. ಇದು ಸರಿಯಾ?

ಉತ್ತರ: ಸರಿಯಲ್ಲ. ಆದರೆ ತಪ್ಪು ನಿಮ್ಮ ಗೆಳತಿಯದೂ ಅಲ್ಲ. ಬರೀ ಎಣಿಕೆಗೆ ಅಂಕ ಕೊಟ್ಟರೆ ಎಲ್ಲರೂ ಹಲ್ಲನ್ನೇ ನೋಡುತ್ತಾರೆ, ಹಲ್ಲಿನ ಹಿಂದಿರುವ ಮನುಷ್ಯ ಕಾಣುವುದಿಲ್ಲ. ಇಷ್ಟೇ ಅಲ್ಲ, ಹದಿನೈದು ಸಲ ತಪ್ಪಾಗಿ ಮಾಡಿದರೂ ಲಾಗ್‌ಬುಕ್‌ನಲ್ಲಿ ಹದಿನೈದೇ ಆಗುತ್ತದೆ.

ಒಲೆ ಟೆನ್ ಕೇಟ್ ಎಂಬ ಡಚ್ ಶಿಕ್ಷಣತಜ್ಞರು 2005ರಲ್ಲಿ ಬೇರೆ ಪ್ರಶ್ನೆ ಮುಂದಿಟ್ಟರು: ಈ ಕೆಲಸವನ್ನು ಈ ವಿದ್ಯಾರ್ಥಿಗೆ ಎಷ್ಟರ ಮಟ್ಟಿಗೆ ನಂಬಿ ಬಿಡಬಹುದು? ಬರೀ ನೋಡಲಿ, ಸೂಪರ್‌ವೈಸರ್ ಪಕ್ಕದಲ್ಲಿದ್ದಾಗ ಮಾಡಲಿ, ಕರೆದರೆ ಬರುವಷ್ಟು ಹತ್ತಿರದಲ್ಲಿದ್ದರೆ ಸಾಕು, ಹೀಗೆ ಮೆಟ್ಟಿಲು. ಎಣಿಕೆ ಇರಲಿ, ಅಭ್ಯಾಸಕ್ಕೆ ಬೇಕು. ಆದರೆ ಮೇಲಿನ ಮೆಟ್ಟಿಲಿಗೆ ಹತ್ತಿಸುವುದು ಯಾರಾದರೂ ಕಣ್ಣಾರೆ ನೋಡಿದ ಮೇಲೆ. ಮೇಲೆ ನಾನು ಹೇಳಿದ ಸ್ಟೂಲ್ ಇದಕ್ಕೇ.

ನಿಮ್ಮ ಕೈಯಲ್ಲಿ ಆಗುವುದು ಒಂದಿದೆ. ನಾಲ್ಕೈದು ಜನ ಸೇರಿ ಹೋಗಿ, ರೋಗಿಗಳನ್ನು ಹಂಚುವ ಕೆಲಸ ರಿಸೆಪ್ಷನ್‌ನಿಂದಲೇ ಆಗಲಿ ಅಂತ ಕೇಳಿ. ಯಾವ ವಿದ್ಯಾರ್ಥಿಗೆ ಏನು ಬಾಕಿ ಇದೆ ಅನ್ನುವ ಪಟ್ಟಿ ಅಲ್ಲಿದ್ದರೆ ಸಾಕು, ಕಾಯುವ ಕೋಣೆಯಲ್ಲಿ ರೋಗಿಗಾಗಿ ಓಡಾಟ ನಿಲ್ಲುತ್ತದೆ.

ಪ್ರಶ್ನೆ: ನರ್ಸಿಂಗ್ ಓದುತ್ತಿದ್ದೇನೆ. ನಿನ್ನೆ ರೋಗಿಗೆ ಚುಚ್ಚಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ. ಬೈತಾರೆ ಅಂತ ಯಾರಿಗೂ ಹೇಳಿಲ್ಲ.

ಉತ್ತರ: ಈ ಪತ್ರಕ್ಕೆ ಆ ದಿನವೇ ಉತ್ತರ ಕಳಿಸಿದ್ದೆ. ಬೇರೆಯವರಿಗೂ ಬೇಕಾದ್ದರಿಂದ ಇಲ್ಲಿ ಹಾಕುತ್ತಿದ್ದೇನೆ. ಈಗಲೇ ಹೋಗಿ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಅದರಿಂದ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ತೆಗೆದುಕೊಳ್ಳಬೇಕು. ಬೇಕೋ ಬೇಡವೋ ಎಂದು ವೈದ್ಯರು ನೋಡಿ ಹೇಳುತ್ತಾರೆ. ಚುಚ್ಚಿದ ತಕ್ಷಣ ಮಾಡಬೇಕಾದ್ದು ಸೋಪು ನೀರಿನಲ್ಲಿ ತೊಳೆಯುವುದು. ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಬಳಸಿದ ಸೂಜಿಗೆ ಕ್ಯಾಪ್ ಹಾಕುವ ಅಭ್ಯಾಸ ಇವತ್ತೇ ಬಿಡಿ, ನೇರವಾಗಿ ಶಾರ್ಪ್ಸ್ ಡಬ್ಬಿಗೆ.

ಕ್ಲಿನಿಕ್ ನಡೆಸುವವರಿಗೆ ಎರಡು ಮಾತು. ಇಂಥ ಸೂಜಿಯಿಂದಲೂ ಹರಡುವ ಹೆಪಟೈಟಿಸ್ ಬಿ ಕಾಯಿಲೆಗೆ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಕ್ಲಿನಿಕ್‌ಗೆ ಕಳಿಸುವ ವಾರ ನೆನಪಾದರೆ ತಡವಾಯಿತು, ಕೋರ್ಸ್‌ಗೆ ಸೇರಿದ ಮೊದಲ ವಾರವೇ ಶುರು ಮಾಡಿ. ಇನ್ನೊಂದು, ಸೂಜಿ ಚುಚ್ಚಿಕೊಂಡು ಬಂದವರಿಗೆ ಬೈಯಬೇಡಿ. ನೀವು ಒಬ್ಬರಿಗೆ ಬೈದರೆ ಮುಂದಿನ ಮೂವರು ನಿಮಗೆ ಹೇಳುವುದೇ ಇಲ್ಲ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ, ಮಾತು ತಡವಾಗಿದೆ. ವಿಶ್ವವಿದ್ಯಾಲಯದ ಸ್ಪೀಚ್ ಥೆರಪಿ ಕ್ಲಿನಿಕ್‌ಗೆ ಕರೆದುಕೊಂಡು ಹೋಗುತ್ತೇನೆ. ವಿದ್ಯಾರ್ಥಿಗಳು ತುಂಬಾ ಪ್ರೀತಿಯಿಂದ ನೋಡುತ್ತಾರೆ. ಆದರೆ ಪ್ರತಿ ಸೆಮಿಸ್ಟರ್‌ಗೂ ಹೊಸ ಮುಖ. ಹೊಸಬರು ಬಂದಾಗಲೆಲ್ಲ ಇವನು ಎರಡು ವಾರ ಬಾಯೇ ಬಿಡುವುದಿಲ್ಲ. ಪರೀಕ್ಷೆ ಸಮಯದಲ್ಲಿ ಕ್ಲಿನಿಕ್ ಮುಚ್ಚುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸುಮ್ಮನಿದ್ದೇನೆ.

ಉತ್ತರ: ಕೇಳಿ, ತಾಯೀ. ಅದು ನಿಮ್ಮ ಹಕ್ಕು. ಕಲಿಯುವವರ ಕೈಗೆ ಮಗುವನ್ನು ಕೊಟ್ಟಿದ್ದೀರಿ ಅಂದರೆ ಅರ್ಧಂಬರ್ಧ ಚಿಕಿತ್ಸೆಗೆ ಒಪ್ಪಿದ್ದೀರಿ ಅಂತಲ್ಲ. ವಿದ್ಯಾರ್ಥಿ ಬೇಡ ಅನ್ನುವುದಕ್ಕೂ ನಿಮಗೆ ಹಕ್ಕಿದೆ, ಅದರಿಂದ ಮಗುವಿನ ಚಿಕಿತ್ಸೆಗೆ ಕುತ್ತು ಬರಬಾರದು.

ಸೂಪರ್‌ವೈಸರ್ ಯಾರು ಅಂತ ಮೊದಲು ತಿಳಿದುಕೊಳ್ಳಿ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಅವರು ಇರುತ್ತಾರೆ. ಮಗ ಅವರನ್ನೂ ಆಗಾಗ ನೋಡುತ್ತಿರಲಿ, ಸೆಷನ್‌ನಲ್ಲಿ ಐದು ನಿಮಿಷ ಕೂರಲಿಕ್ಕೆ ಹೇಳಿ. ಬದಲಾಗುವ ಮುಂಚೆ ಒಂದೆರಡು ಸೆಷನ್ ಹಳಬರು, ಹೊಸಬರು ಇಬ್ಬರೂ ಜೊತೆಗಿರಬೇಕು ಅಂತ ಕೇಳಿ. ಹೊಸಬರು ಸುಮ್ನೆ ಮೂಲೆಯಲ್ಲಿ ಆಟದ ಸಾಮಾನು ಹಿಡಿದು ಕೂತರೂ ಸಾಕು, ಮುಂದಿನ ವಾರ ಅವರು ಹೊಸಬರಾಗಿರುವುದಿಲ್ಲ. ರಜೆಯ ವಾರಗಳಿಗೆ ಮನೆಯಲ್ಲಿ ಏನು ಮಾಡಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಮತ್ತೆ ಯಾವ ತಾರೀಖಿಗೆ ಬರಬೇಕು ಅನ್ನುವುದನ್ನೂ.

ಇನ್ನೊಂದು ಹಾಳೆ ನೀವೇ ಮಾಡಿ. ಅವನಿಗೆ ಇಷ್ಟವಾದ ಆಟ, ಅವನು ಹೇಳುವ ಪದಗಳು, ಅವು ನಿಮಗೆ ಹೇಗೆ ಕೇಳಿಸುತ್ತವೆ, ಯಾವಾಗ ಹಟ ಮಾಡುತ್ತಾನೆ. ಇವು ಕೇಸ್ ಶೀಟ್‌ನಲ್ಲಿ ಇರುವುದಿಲ್ಲ. ಹೊಸಬರು ಬಂದ ದಿನ ಮೊದಲು ಅದನ್ನು ಅವರ ಕೈಗೆ ಕೊಡಿ, ಆಮೇಲೆ ಮಗನನ್ನು ಒಳಗೆ ಕಳಿಸಿ.